ಖಾಲಿ ಮೂಲೆಗೊಂದು ಪೈನ್ ಮರ

ಎಲ್ಲ ರಗಳೆಗೂ ಮೂಲ ಆ ಬಲಗಡೆಯ ಮೂಲೆ. ಅದು ಖಾಲಿ ಇತ್ತು.

ಎದೋ ಪಟ್ಟಣದಿಂದ ಕ್ಯೋತೋಗೆ ಹೋಗುವ ಹೆದ್ದಾರಿಯ ಊರುಗಳನ್ನು ಒಂದೊಂದು ಹಾಳೆಯಲ್ಲಿ ಬರೆದುಕೊಡುವ ಕೆಲಸ ಚಿತ್ರಗಾರ ಬುನ್ರೋಕುವಿಗೆ ಸಿಕ್ಕಿತ್ತು. ಕುರೆಸಾಕಾ ಎಂಬ ಪುಟ್ಟ ಊರಿನ ಸರದಿ ಬಂದಾಗ ಅವನು ಒಂದು ಬೋಳು ಗುಡ್ಡ ಬರೆದ, ಗುಡ್ಡದ ಬುಡದಲ್ಲಿ ಚಹಾದಂಗಡಿ ಬರೆದ, ಅಂಗಡಿಯ ಮೆಟ್ಟಿಲಿಗೇ ಬಂದು ಬಡಿಯುವ ಸಮುದ್ರ ಬರೆದ, ಸಮುದ್ರದಲ್ಲಿ ಮೂರು ಹಾಯಿದೋಣಿಗಳನ್ನೂ ತೇಲಿಬಿಟ್ಟ. ಪ್ರಕಾಶಕ ಉಸುಯಾ ಚಿತ್ರವನ್ನು ದೂರ ಹಿಡಿದು ನೋಡಿ, "ಗುಡ್ಡದ ಈ ಮೂಲೆ ಹಲ್ಲು ಬಿದ್ದ ಬಾಯಿ ಥರ ಕಾಣ್ತದಲ್ಲಯ್ಯ, ಅಲ್ಲೇನಾದ್ರೂ ಇಡು" ಎಂದ. ಬುನ್ರೋಕು ಒಂದು ಪೈನ್ ಮರ ಇಟ್ಟ. ಎಂಥ ಮರ ಅಂತೀರಿ, ಬೆನ್ನು ಬಾಗಿದ ಅಜ್ಜಿ ಕೈ ಚಾಚಿ ದಾರಿಹೋಕರನ್ನು ಊಟಕ್ಕೆ ಕರೆಯುವ ಹಾಗಿತ್ತು. ಮರದಚ್ಚಿನಲ್ಲಿ ಬಣ್ಣ ಹಚ್ಚಿ ಒತ್ತಿದ ಮೇಲಂತೂ ಆ ಹಾಳೆ ಉಳಿದೆಲ್ಲ ಹಾಳೆಗಳಿಗಿಂತ ಹೆಚ್ಚು ಮಾರಾಟವಾಯಿತು.

ಇಲ್ಲೊಂದು ಗುಟ್ಟು ಹೇಳಿಬಿಡಬೇಕು. ಬುನ್ರೋಕು ಕುರೆಸಾಕಾವನ್ನು ನೋಡಿರಲೇ ಇಲ್ಲ. ಅದು ಹೋಗಲಿ, ಹೆದ್ದಾರಿಯ ಮೊದಲ ತಂಗುದಾಣ ಶಿನಾಗಾವಾ ದಾಟಿ ಒಂದು ಹೆಜ್ಜೆ ಇಟ್ಟವನಲ್ಲ. ಶಿನಾಗಾವಾಕ್ಕೆ ಒಮ್ಮೆ ಹೋಗಿದ್ದ, ಎರಡು ಹರದಾರಿ ಅಷ್ಟೇ. ಹುಲ್ಲಿನ ಚಪ್ಪಲಿ ಕಚ್ಚಿ, ಪಾದವೆಲ್ಲ ಬೊಬ್ಬೆಯೆದ್ದು, ಡೋಲಿಯಲ್ಲಿ ವಾಪಸು ಬಂದಿದ್ದ. ಜೊತೆಗೆ ಬೇರೆಯವರ ದಿಂಬಿನ ಮೇಲೆ ತಲೆಯಿಟ್ಟರೆ ಅವನಿಗೆ ನಿದ್ದೆ ಬರುವುದಿಲ್ಲ. ಹೀಗಾಗಿ ಉಸುಯಾ "ಹೋಗಿ ಕಣ್ಣಾರೆ ನೋಡಿ ಬರ್ಕೊಂಡು ಬಾ" ಎಂದು ಕಳಿಸಿದಾಗ, ಇಡೀ ಕೇರಿ ನಿಂತು ಬೀಳ್ಕೊಟ್ಟ ಮೇಲೆ, ಅವನು ಒಂದು ಸುತ್ತು ಹಾಕಿ ಸುಮಿದಾ ನದಿ ದಾಟಿ ಹೆಂಡತಿಯ ಅಣ್ಣನ ಉಪ್ಪಿನಕಾಯಿ ಅಂಗಡಿಯ ಅಟ್ಟ ಸೇರಿಕೊಂಡ. ದಾರಿ ತೋರುವ ಪುಸ್ತಕಗಳನ್ನು ಮುಂದಿಟ್ಟುಕೊಂಡು ಎರಡು ತಿಂಗಳಲ್ಲಿ ಕ್ಯೋತೋವರೆಗೂ ಬರೆದು ಮುಗಿಸಿದ. ಮುಖ ಬಿಸಿಲಿಗೆ ಕಂದಲಿ ಎಂದು ದಿನಾ ಮಧ್ಯಾಹ್ನ ಮಾಡಿನ ಮೇಲೆ ಮಲಗುತ್ತಿದ್ದ. ಮನೆಗೆ ಬಂದಾಗ ಮೈಯೆಲ್ಲ ಮೂಲಂಗಿ ಉಪ್ಪಿನಕಾಯಿಯ ವಾಸನೆ. ದೂರದ ಊರುಗಳ ಗಾಳಿಯೇ ಹಾಗೆ ಎಂದು ಕೇರಿಯವರು ನಂಬಿದರು. ಉಸುಯಾ ಹಿಗ್ಗಿ ಹೀರೇಕಾಯಿಯಾಗಿ ಅವನಿಗೆ 'ಸೆನ್ರಿ' ಎಂಬ ಬಿರುದಿನ ಹೆಸರಿಟ್ಟ. ಸೆನ್ರಿ ಎಂದರೆ ಸಾವಿರ ಹರದಾರಿ. ಗುಟ್ಟು ಗೊತ್ತಿದ್ದದ್ದು ಹೆಂಡತಿ ಓಶಿಗೆಗೆ ಮತ್ತು ಅವಳ ಅಣ್ಣನಿಗೆ ಮಾತ್ರ.

ಅದೇ ಉಸುಯಾ ಈಗ ಇನ್ನೂ ದೊಡ್ಡ ಕೆಲಸ ಕೊಡುವವನಿದ್ದ. ಕಿಸೋ ಬೆಟ್ಟದ ದಾರಿಯ ಅರವತ್ತೊಂಬತ್ತು ಊರು. 'ಕಾಲಾರೆ ನಡೆದು ಕಣ್ಣಾರೆ ಕಂಡ ಸೆನ್ರಿಯ ಚಿತ್ರಗಳು' ಎಂದು ಜಾಹೀರಾತಿನ ಹಾಳೆಯನ್ನೂ ಕೆತ್ತಿಸಿ ಇಟ್ಟಿದ್ದ. ಆ ಕೆಲಸ ಕೈತಪ್ಪಿದರೆ ಬುನ್ರೋಕು ಮತ್ತೆ ಹಳೆಯ ಕಸುಬಿಗೆ ಇಳಿಯಬೇಕು, ಎಂದರೆ ಗಾಳಿಪಟಗಳ ಮೇಲೆ ಮೀಸೆಯ ಮುಖ ಬರೆಯಬೇಕು. ಹನ್ನೊಂದು ವರ್ಷ ಅದನ್ನೇ ಬರೆದಿದ್ದ. ಈಗಲೂ ಕನಸಿನಲ್ಲಿ ಮೀಸೆಗಳು ಬರುತ್ತಿದ್ದವು.

ಅವತ್ತು ಬೆಳಿಗ್ಗೆ ಅವನು ಅನ್ನದ ಜೊತೆ ಬಿಸಿಬಿಸಿ ಸಾರು ಕುಡಿಯುತ್ತಿದ್ದಾಗ ಪಕ್ಕದ ಮನೆಯ ಓತೋರಾ ಬಾವಿಕಟ್ಟೆಯಿಂದ ಖಾಲಿ ಕೊಡ ಹಿಡಿದುಕೊಂಡು ಓಡಿಬಂದಳು. ಓತೋರಾ ನೀರಿಲ್ಲದೆ ಬಾವಿಯಿಂದ ಬಂದಳೆಂದರೆ ಸುದ್ದಿ ದೊಡ್ಡದೆಂದೇ ತಿಳಿಯಬೇಕು.

"ಗುರುಗಳೇ, ನಿಮ್ಮನ್ನ ಹುಡುಕ್ಕೊಂಡು ಒಬ್ಬ ಬಂದಿದಾನೆ. ಆಳು ಅಂದ್ರೆ ಆಳು, ನಿಮ್ಮನೆ ಬಾಗ್ಲಲ್ಲಿ ಅಡ್ಡ ತಿರುಗಿ ಒಳಗೆ ಬರ್ಬೇಕು. ಕುರೆಸಾಕಾದವನಂತೆ."

ಬುನ್ರೋಕುವಿನ ಬಾಯಲ್ಲಿದ್ದ ಸಾರು ಅಲ್ಲೇ ನಿಂತಿತು. ಹೇಗೋ ನುಂಗಿ, "ಏನಂತೆ ಅವನಿಗೆ?" ಎಂದ.

"ಕೇಳ್ದೆ. ಸುಮ್ನೆ ಬಿಡ್ತೀನಾ? 'ನಿಮ್ಮ ಚಿತ್ರಗಾರರು ಬರ್ದ ಆ ಮರದಿಂದ ನಮ್ಮೂರಿನ ಹನ್ನೆರಡು ಜನಕ್ಕೆ ಬೆನ್ನು ಮುರೀತು ತಾಯಿ, ಅವ್ರನ್ನ ಕರ್ಕೊಂಡೇ ಹೋಗೋದು, ಬಿಟ್ಟು ಹೋಗಲ್ಲ' ಅಂದ. ಹೆಗಲ ಮೇಲೆ ಒಣಹುಲ್ಲಲ್ಲಿ ಸುತ್ತಿದ್ದು ಏನೋ ಇದೆ, ಇಷ್ಟುದ್ದ. ದೊಣ್ಣೆನೇ ಇರ್ಬೇಕು."

"ಮನೆ ತೋರಿಸ್ಬಿಟ್ರಾ?"

"ತೋರಿಸ್ದೆ ಇರ್ತೀನಾ, ಪಾಪ, ಅಷ್ಟು ದೂರದಿಂದ ಬಂದೋನು. ಬಾವಿ ಹತ್ರ ಕಾಲು ತೊಳೀತಿದಾನೆ. ಬಂದೇ ಬಿಟ್ಟ ಅನ್ಕೊಳಿ."

ಬುನ್ರೋಕು ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ. ಹೋದ ವರ್ಷ ಕ್ಯೋತೋಗೆ ಹೋಗಿ ಬಂದ ಎಣ್ಣೆ ವ್ಯಾಪಾರಿಯೊಬ್ಬ, "ಕುರೆಸಾಕಾದಲ್ಲಿ ಆ ಮರ ಕಾಣ್ಲೇ ಇಲ್ವಲ್ಲ" ಎಂದು ಕೇಳಿದ್ದ. "ಡೋಲೀಲಿ ನಿದ್ದೆ ಹೊಡೀತಿದ್ರೇನೋ" ಎಂದು ಇವನು ಸಾಗಹಾಕಿದ್ದ. ಈಗ ಅವನಿಗೆ ಎಲ್ಲವೂ ಕಣ್ಣಿಗೆ ಕಟ್ಟಿತು. ಪ್ರಯಾಣಿಕರು ಚಿತ್ರ ಹಿಡಿದುಕೊಂಡು ಮರ ಎಲ್ಲಿ ಎಂದು ಕೇಳಿದ್ದಾರೆ, ಇಲ್ಲ ಎಂದದ್ದಕ್ಕೆ ಜಗಳವಾಗಿದೆ, ಹೊಡೆದಾಟವಾಗಿದೆ, ಹನ್ನೆರಡು ಬೆನ್ನು ಮುರಿದಿವೆ. ಹದಿಮೂರನೆಯದು ತನ್ನದು.

"ನಿಜ ಹೇಳ್ಬಿಡಿ ಅಂದ್ರೆ" ಎಂದಳು ಓಶಿಗೆ, ಓತೋರಾ ಬಾಗಿಲಿನಾಚೆ ಇಣುಕಲು ಹೋದಾಗ. "ಮೂಲೆ ಖಾಲಿ ಇತ್ತು, ಚೆನ್ನಾಗಿರ್ಲಿ ಅಂತ ಮರ ಬರ್ದೆ ಅನ್ನಿ. ಅಷ್ಟಕ್ಕೆ ತಲೆ ತೆಗೀತಾರಾ?"

"ಮರ ಒಂದೇ ಆಗಿದ್ರೆ ಹೇಳ್ಬಹುದಿತ್ತು ಕಣೇ. ಊರನ್ನೇ ನೋಡಿಲ್ವಲ್ಲ."

ಆ ಒಂಟಿಕೋಣೆಯ ಮನೆಗೆ ಹಿಂಬಾಗಿಲಿರಲಿಲ್ಲ. ಬುನ್ರೋಕು ಪಕ್ಕದ ಗೋಡೆಯ ಸಡಿಲ ಹಲಗೆ ಸರಿಸಿ ಓತೋರಾಳ ಮನೆಗೆ ನುಗ್ಗಿದ. ಉಣ್ಣುತ್ತಿದ್ದ ಅವಳ ಗಂಡನಿಗೆ ನಮಸ್ಕಾರ ಹೇಳಿ, ಅವರ ಬಾಗಿಲಿನಿಂದ ಹೊರಬಿದ್ದು ಓಟ ಕಿತ್ತ.

ಕೇರಿಯ ಬಾಯಲ್ಲೇ ಗೆನ್ಬೆಯ್ ಅಡ್ಡ ಸಿಕ್ಕ. ಕೇರಿಯ ಮನೆಗಳನ್ನೆಲ್ಲ ನೋಡಿಕೊಳ್ಳುವ ಯಜಮಾನ ಅವನೇ. ಬಾಡಿಗೆಯಿಂದ ಹಿಡಿದು ಗಂಡಹೆಂಡಿರ ಜಗಳದವರೆಗೆ ಅವನು ಕೈಹಾಕದ ವಿಷಯವಿಲ್ಲ.

"ಸೆನ್ರಿಗಳೇ, ಒಳ್ಳೇ ಹೊತ್ತಿಗೆ ಸಿಕ್ಕಿದ್ರಿ. ಮುಂದಿನ ತಿಂಗ್ಳು ನಾನು ಇಸೆ ಯಾತ್ರೆಗೆ ಹೊರಟಿದೀನಿ. ಕುರೆಸಾಕಾ ದಾಟಿದ ಮೇಲೆ ಬಾಯಿಗೆ ರುಚಿಯಾಗಿ ಏನ್ ಸಿಗತ್ತೆ?"

"ಮೂಲಂಗಿ ಉಪ್ಪಿನಕಾಯಿ" ಎಂದು ಬುನ್ರೋಕು ಓಡುತ್ತಲೇ ಹೇಳಿದ. ಅವನು ಪಾಪ, ಕಂಡದ್ದನ್ನೇ ಹೇಳಿದ.

ಉಸುಯಾನ ಅಂಗಡಿಯ ಹಿಂದಿನ ಕೆಲಸದ ಮನೆಯಲ್ಲಿ ಅವತ್ತು ಕುರೆಸಾಕಾದ ಹಾಳೆಗಳೇ ಮತ್ತೆ ಅಚ್ಚಿಗೆ ಹೋಗುವುದಿತ್ತು. ಹಳೆಯವು ಒಂದೂ ಉಳಿದಿರಲಿಲ್ಲ. ಚೆರಿ ಮರದ ಅಚ್ಚುಹಲಗೆಗಳು, ಗೆರೆಗೊಂದು, ಬಣ್ಣಬಣ್ಣಕ್ಕೆ ಒಂದೊಂದು, ಸಾಲಾಗಿ ಗೋಡೆಗೆ ಒರಗಿದ್ದವು. ಕೆತ್ತುವ ತೊಕುಜೋ ಉಳಿ ಮಸೆಯುತ್ತಿದ್ದ, ಅಚ್ಚೊತ್ತುವ ನಾವೋಕಿಚಿ ಬಟ್ಟಲಲ್ಲಿ ನೀಲಿ ಕಲಸುತ್ತಿದ್ದ. ಹಲಗೆಗಳನ್ನು ಕಂಡ ಕೂಡಲೇ ಬುನ್ರೋಕುವಿಗೆ ಒಂದು ಉಪಾಯ ಹೊಳೆಯಿತು. ಹಾಳಾದ ಉಪಾಯಗಳೆಲ್ಲ ಹಾಗೇ, ಮಿಂಚಿನಂತೆ ಹೊಳೆಯುತ್ತವೆ.

"ಯಜಮಾನ್ರೇ, ಆ ಪೈನ್ ಮರ ತೆಗೆಸ್ಬಿಡಿ" ಎಂದ.

ಉಸುಯಾನ ಹುಬ್ಬು ಮೇಲೇರಿತು. "ಆ ಮರಕ್ಕೋಸ್ಕರಾನೇ ಜನ ಕೊಳ್ತಿರೋದಲ್ಲಯ್ಯ."

"ಅದು ಬಿದ್ದೋಗಿದೆ. ಬಿರುಗಾಳಿಗೆ. ಆ ಕಡೆಯಿಂದ ಬಂದೋರು ಹೇಳಿದ್ರು. ಕಣ್ಣಾರೆ ಕಂಡಿದ್ದು ಅಂತ ನೀವು ಜಾಹೀರಾತು ಹಾಕ್ತೀರಿ, ಚಿತ್ರದಲ್ಲಿ ಇಲ್ಲದ ಮರ ಇದ್ರೆ ನಿಮ್ಮಂಗಡಿ ಹೆಸರೇನಾಗ್ಬೇಕು? ನನ್ನ ಹೆಸರು ಹೋಗ್ಲಿ ಬಿಡಿ."

ಉಸುಯಾನ ಕಣ್ಣಲ್ಲಿ ನೀರು ಬಂತು. "ನೋಡ್ರಯ್ಯಾ, ನೋಡಿ ಕಲೀರಿ. ಒಂದು ಮರ ಬಿದ್ದಿದ್ದಕ್ಕೆ ಊಟ ಬಿಟ್ಟು ಓಡಿ ಬಂದಿದಾನೆ. ನಡೆದೋನಿಗೇ ಗೊತ್ತು ದಾರಿಯ ಬೆಲೆ. ತೊಕುಜೋ, ತೆಗಿ ಆ ಮರಾನ."

"ಮೂರು ದಿನ ಕೂತು ಸೂಜಿಯಂಥ ಎಲೆ ಒಂದೊಂದೇ ಕೆತ್ತಿದ್ದೆ" ಎಂದು ಗೊಣಗುತ್ತಾ ತೊಕುಜೋ ಉಳಿ ಎತ್ತಿಕೊಂಡ. ಗೆರೆಯ ಹಲಗೆಯಿಂದ ಮರ ಹೋಯಿತು, ಮರದ ಬಣ್ಣದ ಹಲಗೆಯಿಂದಲೂ ಹೋಯಿತು. ಮೂರು ದಿನದ ಕೆಲಸ ಒಂದು ಚಹಾ ಕುಡಿಯುವಷ್ಟರಲ್ಲಿ ಚಕ್ಕೆಯಾಗಿ ನೆಲದ ಮೇಲೆ ಬಿತ್ತು. ನಾವೋಕಿಚಿ ಹಾಳೆಯಿಟ್ಟು, ಬಿದಿರೆಲೆ ಸುತ್ತಿದ ಬಿಲ್ಲೆಯಿಂದ ಉಜ್ಜಿ, ಎತ್ತಿ ತೋರಿಸಿದ.

ಎಲ್ಲರೂ ಬಾಗಿ ನೋಡಿದರು. ಮರವೇನೋ ಹೋಗಿತ್ತು. ಆದರೆ ಗುಡ್ಡದ ಹಸಿರಿನ ಹಲಗೆಯಲ್ಲಿ ಮರಕ್ಕೆಂದು ಬಿಟ್ಟಿದ್ದ ಜಾಗ ಹಾಗೇ ಇತ್ತು. ಹಸಿರು ಗುಡ್ಡದ ಮೂಲೆಯಲ್ಲಿ ಮರದ ಆಕಾರದ ಬಿಳಿ ತೂತು, ಸತ್ತ ಮರದ ದೆವ್ವ ಬಂದು ನಿಂತಂತೆ ಎದ್ದು ಕಾಣುತ್ತಿತ್ತು.

"ಇದನ್ನ ಯಾವನು ಕೊಳ್ತಾನೆ?" ಎಂದ ಉಸುಯಾ. "ಮನೇಲಿಟ್ರೆ ಜ್ವರ ಬರತ್ತೆ."

ನಾವೋಕಿಚಿ ತಲೆ ವಾಲಿಸಿ ನೋಡಿದ. "ಅಂಚು ಒಂಚೂರು ನೆಟ್ಟಗೆ ಮಾಡಿ, ನಡುವೆ ನಾಲ್ಕು ನೀಲಿ ಗೆರೆ ಎಳೆದ್ರೆ ಜಲಪಾತ ಆಗತ್ತೆ ಯಜಮಾನ್ರೇ."

ತೊಕುಜೋ ಅಂಚು ಕೆತ್ತಿದ. ನಾವೋಕಿಚಿ ನೀಲಿ ಎಳೆದ. ಜಲಪಾತವಾಯಿತು. ಸುಳ್ಳು ಹೇಳಬಾರದು, ಮರಕ್ಕಿಂತ ಚೆನ್ನಾಗಿತ್ತು. ನೋಡುತ್ತಾ ನಿಂತರೆ ಮುಖಕ್ಕೆ ಹನಿ ಸಿಡಿದಂತಾಗುತ್ತಿತ್ತು.

"ಅಲ್ಲಯ್ಯಾ" ಎಂದ ಉಸುಯಾ, ಬುನ್ರೋಕುವಿನ ಕಡೆ ತಿರುಗಿ, "ಆ ಊರಲ್ಲಿ ಜಲಪಾತ ಇದೆಯೇನು?"

"ಇದೆ" ಎಂದ ಬುನ್ರೋಕು. ಒಂದು ಸಲ ಬಾಯಿಬಿಟ್ಟ ಮೇಲೆ ಮುಚ್ಚುವುದು ಕಷ್ಟ. "ಮರ ಅಡ್ಡ ಇತ್ತು, ಹಾಗಾಗಿ ಕಾಣ್ತಿರ್ಲಿಲ್ಲ."

ಮಧ್ಯಾಹ್ನದ ಹೊತ್ತಿಗೆ ನೂರು ಹಾಳೆ ಅಚ್ಚಾಗಿ ಅಂಗಡಿಯ ಮುಂದೆ ತೂಗಾಡಿದವು. ಯಾತ್ರೆಗೆ ಹೊರಟ ಜನ ಮುಗಿಬಿದ್ದರು. ಬುನ್ರೋಕು ಒಂದು ಹಾಳೆಯನ್ನು ಸುರುಳಿ ಸುತ್ತಿ ನಿಲುವಂಗಿಯ ಎದೆಯ ಮಡಿಕೆಯಲ್ಲಿಟ್ಟುಕೊಂಡ. ಕುರೆಸಾಕಾದ ಆ ದೈತ್ಯ ಬಂದು ಮರದ ಮಾತೆತ್ತಿದರೆ ಇದನ್ನು ಮುಂದೆ ಹಿಡಿಯುವುದು, ಯಾವ ಮರ ಎಂದು ಕೇಳುವುದು, ಹಳೆಯ ಹಾಳೆ ಯಾರೋ ಕಳ್ಳಚ್ಚು ಹಾಕಿದ್ದು ಎಂದುಬಿಡುವುದು. ಮನಸ್ಸು ಹೂವಿನಷ್ಟು ಹಗುರಾಯಿತು. ದಾರಿಯಲ್ಲಿ ಹಾವುಮೀನು ಸುಟ್ಟದ್ದು ತಿಂದ, ಊರಿನ ಗಂಡಸರ ರೂಢಿಯಂತೆ ನೆತ್ತಿ ಬೋಳಿಸಿಕೊಳ್ಳೋಣ ಎಂದು ಕ್ಷೌರದಂಗಡಿಯಲ್ಲಿ ಕುಳಿತ.

ನೆತ್ತಿಯ ಅರ್ಧ ಮುಗಿಸಿದ ಮೇಲೆ ಕ್ಷೌರಿಕ ಕಿವಿಯ ಹತ್ತಿರ ಬಾಗಿ, "ನಿಮ್ಮನ್ನ ಹುಡುಕ್ತಾ ಯಾರೋ ಬಂದಿದಾನಂತೆ. ಮೂವತ್ತು ಜನರ ಬೆನ್ನು ಮುರಿದಿದೀರಂತೆ, ಹೌದಾ?" ಎಂದ.

"ಹನ್ನೆರಡು" ಎಂದುಬಿಟ್ಟ ಬುನ್ರೋಕು.

"ಓಹೋ. ಹಗ್ಗಾನೂ ತಂದಿದಾನಂತೆ. ಅಲ್ಲಾಡ್ಬೇಡಿ, ಕೈಲಿ ಕತ್ತಿ ಇದೆ."

ಅಷ್ಟರಲ್ಲಿ ಬಾಗಿಲಿನ ಪರದೆಯ ಮೇಲೆ ಒಂದು ಭಾರೀ ನೆರಳು ಬಿತ್ತು. ಹೆಗಲ ಮೇಲೆ ಉದ್ದನೆಯದೇನೋ ಇತ್ತು. ಬುನ್ರೋಕು ಪಕ್ಕದ ಕಿಟಕಿಯಿಂದ ಹಾರಿದ. ಬಂದವನು ಸ್ನಾನದ ಮನೆಗೆ ಸೌದೆ ಹೊರುವ ಆಳು ಎಂಬುದು ಅವನಿಗೆ ಗೊತ್ತಾಗುವ ಮೊದಲೇ, ಅರ್ಧ ಬೋಳು ಅರ್ಧ ಹುಲುಸು ತಲೆ ಹೊತ್ತು ಎರಡು ಬೀದಿ ದಾಟಿದ್ದ. ಇಷ್ಟು ಹೊತ್ತಿಗೆ ಆ ಮನುಷ್ಯ ಕಾದು ಬೇಸತ್ತು ಹೋಗಿರಬೇಕು, ಇನ್ನು ಮನೆಯೇ ವಾಸಿ ಎನ್ನಿಸಿತು.

ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎಂದಂತೆ, ಅವನು ಬಾಗಿಲು ಸರಿಸಿದರೆ ಕುರೆಸಾಕಾದವನು ಮನೆಯ ನಡುವೆ ಮಂಡಿಯೂರಿ ಕುಳಿತಿದ್ದ. ಕೋಣೆಯಲ್ಲಿ ಉಳಿದಿದ್ದ ಜಾಗದಲ್ಲೆಲ್ಲ ಕೇರಿ ಕುಳಿತಿತ್ತು. ಮುಂದಿನ ಸಾಲಿನಲ್ಲಿ ಓತೋರಾ, ಅವಳ ಪಕ್ಕದಲ್ಲಿ ಗೆನ್ಬೆಯ್. ಬೆಳಿಗ್ಗೆಯಿಂದ ಸರದಿಯ ಮೇಲೆ ಬಂದು ಅವನಿಗೆ ಚಹಾ ಕುಡಿಸಿದ್ದರಂತೆ. ಓಶಿಗೆ ಗಂಡನನ್ನು ಕಂಡವಳೇ ಕಣ್ಣು ಮಿಟುಕಿಸಿದಳು, ತಲೆ ಅಲ್ಲಾಡಿಸಿದಳು, ಕೊನೆಗೆ ತುಟಿಯ ಮೇಲೆ ಬೆರಳಿಟ್ಟಳು. ಹೆಂಡತಿ ಹೆದರಿದ್ದಾಳೆ ಎಂದುಕೊಂಡ ಬುನ್ರೋಕು. ದೊಣ್ಣೆ ಏಳುವ ಮೊದಲು ತಾನೇ ಮುಗಿಸಬೇಕು ಎಂದು ಸುರುಳಿ ಬಿಚ್ಚಿ ಎತ್ತಿ ಹಿಡಿದ.

"ನೋಡಿ ಸ್ವಾಮಿ, ಕುರೆಸಾಕಾದಲ್ಲಿ ಪೈನ್ ಮರ ಇಲ್ಲ. ನಾನು ಅಲ್ಲಿ ನಿಂತು ಈ ಎರಡು ಕಣ್ಣಿಂದ ನೋಡಿದೀನಿ. ಅಲ್ಲಿರೋದು ಜಲಪಾತ. ಮರ ಯಾರೋ ಕಳ್ಳಚ್ಚಿನೋರು ಸೇರಿಸಿದ್ದು."

ಓಶಿಗೆ ಮುಖ ಮುಚ್ಚಿಕೊಂಡಳು.

ದೈತ್ಯ ನಿಧಾನವಾಗಿ ಹಣೆ ನೆಲಕ್ಕೆ ತಾಗಿಸಿ ನಮಸ್ಕರಿಸಿದ. "ನಾನು ಯಾಗೊರೋ ಅಂತ ಸ್ವಾಮಿ. ಕುರೆಸಾಕಾದಾಗೆ ಚಾ ಅಂಗಡಿ ಮಡಗಿವ್ನಿ. ಹೋದ್ ವರ್ಸ ದಾರೀಲ್ ಬರೋರೆಲ್ಲ ನಿಮ್ ಹಾಳೆ ಹಿಡ್ಕಂಡು 'ಮರ ಎಲ್ಲಿ, ಮರ ಎಲ್ಲಿ' ಅನ್ನೋರು. ಇಲ್ಲ ಅಂದ್ರೆ 'ಇದು ಕುರೆಸಾಕಾನೇ ಅಲ್ಲ' ಅಂತ ಚಾನೂ ಕುಡೀದೆ ಮುಂದಿನೂರ್ಗೆ ಹೋಗ್ಬುಡೋರು. ಊರೆಲ್ಲ ಕುಂತು ಮಾತಾಡುದ್ವಿ. ಬರ್ದೋರು ದೊಡ್ಡೋರು, ಅವ್ರು ಸುಳ್ಳು ಬರೀತಾರಾ, ಮರ ಇಲ್ದೆ ಇರಾದು ನಮ್ ತಪ್ಪು ಅಂದ್ವಿ. ಹಿಂದ್ಲು ಬೆಟ್ಟದಾಗೆ ಇಂತಾದೇ ಒಂದ್ ಮರ ಹುಡುಕಿ, ಬೇರು ಸಮೇತ ಎಬ್ಬಿಸಿ, ಹನ್ನೆರಡು ಜನ ನಲವತ್ತು ದಿನ ಬೆನ್ನು ಮುರ್ಕಂಡು ತಂದು ನೆಟ್ವಿ. ಈಗ ಬರೋ ಜನ ನೋಡ್ಬೇಕು ನೀವು. ನಾಲ್ಕು ಅಂಗಡಿ ಆಗವೆ. ಅದ್ಕೆ ಸೆನ್ರಿ ಮರ ಅಂತಲೇ ಹೆಸ್ರು. ಅದರ ಬುಡದಾಗೆ ನಿಮ್ಮನ್ನ ಕುಂಡ್ರುಸಿ ಒಂದು ಸನ್ಮಾನ ಮಾಡಾನ ಅಂತ ಬಂದೆ."

ಅವನು ಒಣಹುಲ್ಲಿನ ಸುರುಳಿ ಬಿಚ್ಚಿದ. ಒಳಗಿದ್ದದ್ದು ಹಸಿರು ಸೂಜಿಯೆಲೆಗಳ ಒಂದು ಕೊಂಬೆ.

"ನಿಮ್ ಚಿತ್ರದಾಗೆ ಎಡಕ್ಕೆ ಎರಡೇ ಕೊಂಬೆ. ನಮ್ ಮರಕ್ಕೆ ಮೂರಿದ್ವು. ಒಂದು ಕುಯ್ದು ನಿಮ್ಗೇ ಅಂತ ತಂದೆ."

ಬುನ್ರೋಕುವಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಜೀವವೇನೋ ಉಳಿದಿತ್ತು. ಕೈಯಲ್ಲಿದ್ದ ಹಾಳೆಯನ್ನು ಮಾತ್ರ ಎಲ್ಲರಿಗೂ ಕಾಣುವಂತೆ ಹಾಗೇ ಎತ್ತಿಹಿಡಿದಿದ್ದ.

"ಮರ ಇಲ್ವಲ್ಲ ಇದ್ರಲ್ಲಿ" ಎಂದಳು ಓತೋರಾ, ಯಾರಿಗಾದರೂ ಕಾಣದೇ ಹೋದೀತೆಂದು.

ಯಾಗೊರೋ ಹಾಳೆಯನ್ನು ತನ್ನ ಗುದ್ದಲಿಯಂಥ ಕೈಗಳಲ್ಲಿ ತೆಗೆದುಕೊಂಡು ಬಹಳ ಹೊತ್ತು ನೋಡಿದ. "ಈ ಬೆಳ್ಳಗಿರಾದು ಏನ್ ಸ್ವಾಮಿ?"

"ನೀರು" ಎಂದ ಬುನ್ರೋಕು.

ಅದೇ ಹೊತ್ತಿಗೆ ಉಸುಯಾ ಬೆವರು ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತ. "ನೂರೂ ಖಾಲಿ ಕಣಯ್ಯಾ. ಇನ್ನೂರು ಅಚ್ಚಾಗ್ತಿದೆ. ಕೊಂಡೋರೆಲ್ಲ ಯಾತ್ರೆಗೆ ಹೊರಟೋರೇ, ಜಲಪಾತ ನೋಡೇ ಬರ್ತೀವಿ ಅಂತಿದಾರೆ." ಆಮೇಲೆ ಕೋಣೆಯಲ್ಲಿದ್ದ ಜನರನ್ನು, ಕೊಂಬೆಯನ್ನು, ದೈತ್ಯನನ್ನು, ಅರ್ಧ ಬೋಳಾದ ತಲೆಯನ್ನು ಒಂದೊಂದಾಗಿ ನೋಡಿ, "ಏನ್ ಸಮಾಚಾರ?" ಎಂದ.

ಎಲ್ಲರೂ ಒಟ್ಟಿಗೆ ಹೇಳಿದರು. ಇನ್ನೇನು ಮಾನ ಹೋಯಿತು ಎಂದು ಬುನ್ರೋಕು ಕಣ್ಣು ಮುಚ್ಚಿಕೊಂಡ. ಆದರೆ ಗೆನ್ಬೆಯ್ ಗಂಭೀರವಾಗಿ, "ದೊಡ್ಡ ಕಲಾವಿದರ ಕಣ್ಣೇ ಬೇರೆ. ಇವರಿಗೆ ಮರ ಕಂಡಿತ್ತು, ಊರೋರಿಗೆ ಕಂಡಿರ್ಲಿಲ್ಲ. ಆಮೇಲೆ ಬಂತು. ಜಲಪಾತಾನೂ ಹಾಗೇ" ಎಂದ. ಕೇರಿ ಹೌದು ಹೌದು ಎಂದಿತು. ಉಸುಯಾ ಅದನ್ನು ಜಾಹೀರಾತಿಗೆ ಬರೆದುಕೊಂಡ.

ಯಾಗೊರೋ ಬೆರಳು ಮಡಿಸಿ ಲೆಕ್ಕ ಹಾಕುತ್ತಿದ್ದ. "ಇವತ್ತು ಕೊಂಡೋರು ಆರನೇ ದಿನಕ್ಕೆ ನಮ್ಮೂರ್ನಾಗಿರ್ತಾರೆ. ನೀರಿರಾದು ಗುಡ್ಡದ ಆ ಕಡೆ. ಕಾಲುವೆ ಕಡೀಬೇಕು." ಎದ್ದು ನಿಂತ. ತಲೆ ತೊಲೆಗೆ ತಾಗಿತು. "ಜಲಪಾತ ಎಲ್ಲಿಗ್ ಬೀಳ್ಬೇಕು ಅಂತ ಇವ್ರೇ ಬಂದು ತೋರುಸ್ಲಿ. ಹೊತ್ತಿದ್ದಂಗೇ ಹೊಂಟ್ರೆ ಶಿನಾಗಾವಾದಾಗೆ ಮಲಗಬೋದು."

"ನನಗೆ ಕಾಲು..." ಎಂದು ಬುನ್ರೋಕು ಶುರುಮಾಡಿದ.

"ಸಾವಿರ ಹರದಾರಿ ನಡೆದೋರಿಗೆ ಇದ್ಯಾವ ಲೆಕ್ಕ ಬಿಡಿ" ಎಂದಳು ಓತೋರಾ. ಗೆನ್ಬೆಯ್ ಆಗಲೇ ಗಡಿಕಾವಲಿನಲ್ಲಿ ತೋರಿಸುವ ಪ್ರಯಾಣದ ಚೀಟಿ ಬರೆಯಲು ಕೂತಿದ್ದ. ಉಸುಯಾ ಬೆನ್ನು ತಟ್ಟಿ, "ಅಲ್ಲಿ ಮುಗಿಸಿ ಹಾಗೇ ಬೆಟ್ಟದ ದಾರಿ ಹಿಡಿ. ಕೆಲಸ ನಿಂದೇ. ಅರವತ್ತೊಂಬತ್ತೂ ನಡೆದು ಬರ್ಕೊಂಡೇ ಬಾ" ಎಂದ. ಬುನ್ರೋಕು ಹೆಂಡತಿಯ ಕಡೆ ನೋಡಿದ. ಓಶಿಗೆ ಮೂಟೆ ಕಟ್ಟುತ್ತಿದ್ದಳು. ನಗು ತಡೆಯಲಾರದೆ ಅವಳ ಭುಜ ಕುಣಿಯುತ್ತಿತ್ತು. ಮೂಟೆಯೊಳಗೆ ಅವನ ದಿಂಬನ್ನೂ ಇಟ್ಟಳು.

ಹೊಸ್ತಿಲಲ್ಲಿ ಕೂರಿಸಿ ಹುಲ್ಲಿನ ಚಪ್ಪಲಿ ಕೊಟ್ಟರು. ಕಾಲ ಸುತ್ತ ಬಿಗಿಯುವ ಆ ಎರಡು ಹುಲ್ಲುಹಗ್ಗಗಳನ್ನು ಬುನ್ರೋಕು ಮುಂದಿನಿಂದ ಹಿಂದಕ್ಕೆ ತಂದ, ಹಿಂದಿನಿಂದ ಮುಂದಕ್ಕೆ ತಂದ, ಕೊನೆಗೆ ಎಡಗಾಲನ್ನು ಬಲಗಾಲಿಗೆ ಕಟ್ಟಿಕೊಂಡ. ಕೇರಿ ನೋಡುತ್ತಿತ್ತು. ಯಾಗೊರೋ ಮುಂದೆ ಬಂದು ಕುಕ್ಕರಗಾಲಲ್ಲಿ ಕುಳಿತು, ಹಗ್ಗ ಬಿಡಿಸಿ ಕಟ್ಟುತ್ತಾ, ಅವನೊಬ್ಬನಿಗೇ ಕೇಳುವಂತೆ ಮೆಲ್ಲಗೆ ಹೇಳಿದ:

"ಸ್ವಾಮೀ, ನೀವು ನಮ್ಮೂರ್ಗೆ ಬಂದೇ ಇಲ್ಲ ಅಂತ ಹಾಳೆ ಕಂಡ ಮೊದಲ್ನೇ ದಿನಾನೇ ನಂಗೆ ಗೊತ್ತು. ಇರ್ಲಿ ಬುಡಿ. ಮರ ತಂದ್ವಿ. ನೀರ್ನೂ ಹೆಂಗೋ ತರಾನ. ಆದ್ರೆ ನಮ್ಮೂರಿಂದ ಸಮುದ್ರ ಮೂರು ಹರದಾರಿ ದೂರ ಐತೆ. ನೀವು ಅದ್ನ ನಮ್ಮಂಗ್ಡಿ ಮೆಟ್ಲಿಗೇ ತಂದಿಟ್ಬುಟ್ಟಿದೀರಿ. ಬಂದೋರ್ಗೆಲ್ಲ 'ಇವತ್ತು ಮಂಜು ಮುಸುಕೈತೆ, ಕಾಣಾಕಿಲ್ಲ' ಅಂತ ವರ್ಸದಿಂದ ಹೇಳ್ತಾ ಇವ್ನಿ. ಎಷ್ಟು ದಿನ ಅಂತ ಹೇಳಾದು? ಆ ಸಮುದ್ರಕ್ಕೂ ಒಂದು ದಾರಿ ನೀವೇ ತೋರುಸ್ಬೇಕು. ನಿಮ್ಮನ್ನ ಕರ್ಕಂಡೋಗಾಕೆ ಬಂದಿದ್ದೇ ಅದ್ಕೆ."

ಗಂಟು ಬಿಗಿದು ಅವನು ಎದ್ದ. ಗೆನ್ಬೆಯ್ ಎಲ್ಲಿಂದಲೋ ಒಂದು ಗುದ್ದಲಿ ತಂದು ಬುನ್ರೋಕುವಿನ ಹೆಗಲಿಗೆ ಒರಗಿಸಿದ. ಸಂಜೆಯ ಬಿಸಿಲಿನಲ್ಲಿ ಅರ್ಧ ಬೋಳುತಲೆ ಮಿಂಚಿಸುತ್ತಾ, ಸಾವಿರ ಹರದಾರಿಯ ಚಿತ್ರಗಾರ ದೈತ್ಯನ ಹಿಂದೆ ಹೊರಟ. ಬಾವಿಕಟ್ಟೆ ದಾಟುವಷ್ಟರಲ್ಲೇ ಚಪ್ಪಲಿ ಕಚ್ಚಲು ಶುರುವಾಗಿತ್ತು.

"ಗುರುಗಳೇ" ಎಂದು ಹಿಂದಿನಿಂದ ಓತೋರಾ ಕೂಗಿದಳು, "ಬರೋವಾಗ ಅಲ್ಲಿಂದ ಮೂಲಂಗಿ ಉಪ್ಪಿನಕಾಯಿ ತರೋದು ಮರೀಬೇಡಿ."